ಪುಟದ ನೆತ್ತಿಯ ಹೆಸರು

ಗ್ರಂಥವೆಂಬ ಶಬ್ದಕ್ಕೆ ಗಂಟುಹಾಕಿದ್ದು, ಪೋಣಿಸಿದ್ದು ಎಂಬ ಅರ್ಥವು ಮೂಲದಲ್ಲಿಯೇ ಇರುವದು. ತಾಳೆಯೋಲೆಗಳ ಕಾಲದಲ್ಲಿ ಗರಿಗಳಿಗೆ ತೂತು ಕೊರೆದು, ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಗಳನ್ನಿಟ್ಟು ಬಿಗಿಯುತ್ತಿದ್ದರು. ದಾರವು ಜೀರ್ಣವಾಗಿ ಹರಿದರೆ ಗರಿಗಳು ಚದರಿಹೋಗುವವು. ಆಗ ಅವನ್ನು ಮರಳಿ ಗ್ರಂಥವನ್ನಾಗಿ ಮಾಡುವದು ಗರಿಯ ಅಂಚಿನಲ್ಲಿ ಕೊರೆದ ಒಂದು ಅಂಕಿಯೇ ಹೊರತು ಬೇರೆಯಲ್ಲ. ಮುಂದೆ ನಾಗರೀ ಲಿಪಿಯ ಕಾಗದದ ಪೋಥಿಗಳಲ್ಲಿ ಹಾಳೆಯ ಹಿಂಬದಿಯ ಅಂಚಿನಲ್ಲಿ ಪತ್ರಸಂಖ್ಯೆಯೊಡನೆ ಗ್ರಂಥನಾಮದ ಒಂದೆರಡು ಅಕ್ಷರಗಳನ್ನೂ ಬರೆಯುವ ವಾಡಿಕೆಯು ಬಂದಿತು. ಇಂದಿನ ಪುಸ್ತಕಗಳಲ್ಲಿ ಪುಟದ ನೆತ್ತಿಯ ಮೇಲೆ ಕಾಣುವ ಹೆಸರು ಮತ್ತು ಸಂಖ್ಯೆಗಳಿಗೆ ಈ ಅಂಚಿನ ಅಕ್ಷರಗಳೇ ಪೂರ್ವಜರು. ಓದುವವರು ಅವುಗಳ ಕಡೆಗೆ ಲಕ್ಷ್ಯ ಕೊಡುವದು ವಿರಳ. ತಪ್ಪಿದಾಗ ಮಾತ್ರ ಅವು ಕಣ್ಣಿಗೆ ಬೀಳುವವು.

ಇಷ್ಟು ಅಲ್ಪವಾದ ಈ ಅಂಕಿ-ಅಕ್ಷರಗಳ ಮಹತ್ವವು ಬೆಟಗೇರಿಯ ಒಬ್ಬ ನಿವೃತ್ತ ಮಾಸ್ತರರಿಗೆ ಅರವತ್ತಾರನೆಯ ವಯಸ್ಸಿನಲ್ಲಿ, ಅದೂ ಗಣಕಯಂತ್ರದ ಎದುರಿಗೆ ಕುಳಿತು, ತಿಳಿಯಬೇಕಾಯಿತು.

ಮಾಸ್ತರರ ಗುರುಗಳು ಲಕ್ಷ್ಮೇಶ್ವರದವರು. ಹಳೆಯ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರವೆಂಬದೂ, ಕನ್ನಡದ ತಿರುಳಿರುವ ನಾಲ್ಕು ಊರುಗಳಲ್ಲಿ ಅದನ್ನು ಕವಿರಾಜಮಾರ್ಗವು ಎಣಿಸಿರುವದೆಂಬದೂ ವಾಚಕರಿಗೆ ತಿಳಿದುದೇ. ಗುರುಗಳು ಪಾಠಶಾಲೆಯಲ್ಲಿ ವ್ಯಾಕರಣವನ್ನು ಹೇಳಿಕೊಡುವರು. ಸಂಜೆಯ ಹೊತ್ತಿಗೆ ಮನೆಯ ಪಡಸಾಲೆಯಲ್ಲಿ ಕುಳಿತು ಗದುಗಿನ ಭಾರತಕ್ಕೆ ಪದವಿವರಣೆಯನ್ನು ಬರೆಯುವರು. ನಿಘಂಟಿನಲ್ಲಿ ದೊರೆಯದ ಎಷ್ಟೋ ಮಾತುಗಳನ್ನು ಅವರು ಮುಂಡರಗಿಯ ಎರೆಹೊಲದ ಒಕ್ಕಲಿಗರ ಬಾಯಿಂದಲೂ, ಶಿರಹಟ್ಟಿಯ ಜಾತ್ರೆಗೆ ಬಂದವರ ಬಾಯಿಂದಲೂ ಕೇಳಿ ಗುರುತುಮಾಡಿಕೊಂಡಿದ್ದರು. ವಿರಾಟ, ಉದ್ಯೋಗ, ಭೀಷ್ಮ, ದ್ರೋಣ ಎಂಬ ನಾಲ್ಕು ಪರ್ವಗಳಿಗೆ ನಾಲ್ಕು ದಪ್ಪ ವಹಿಗಳು ತುಂಬಿದವು. ಅಷ್ಟರಲ್ಲಿ ಅವರ ಆಯುಷ್ಯವು ತೀರಿತು. ವಹಿಗಳು ಹನ್ನೆರಡು ವರುಷ ಟ್ರಂಕಿನಲ್ಲಿಯೇ ಉಳಿದವು.

ಅವನ್ನು ಅಚ್ಚುಹಾಕಿಸಬೇಕೆಂಬ ಸಂಕಲ್ಪವು ನಾಲ್ವರು ಶಿಷ್ಯರಲ್ಲಿ ಹುಟ್ಟಿತು. ಒಬ್ಬರು ಲಕ್ಷ್ಮೇಶ್ವರದಲ್ಲಿ, ಒಬ್ಬರು ಶಿರಹಟ್ಟಿಯಲ್ಲಿ, ಒಬ್ಬರು ಮುಂಡರಗಿಯಲ್ಲಿ ಇರುವವರು. ನಾಲ್ಕನೆಯವರೇ ಬೆಟಗೇರಿಯ ಮಾಸ್ತರರು. ವಹಿಗೊಬ್ಬರಂತೆ ಹಂಚಿಕೊಂಡು, ತಮ್ಮ ತಮ್ಮ ಊರಿನಲ್ಲಿ ಗಣಕಯಂತ್ರದಲ್ಲಿ ಅಕ್ಷರ ಜೋಡಿಸಿ ಕಳಿಸುವದು, ಎಲ್ಲವನ್ನೂ ಒಂದುಗೂಡಿಸಿ ಪುಸ್ತಕದ ರೂಪಕ್ಕೆ ತರುವದು ಮಾಸ್ತರರ ಪಾಲಿಗೆ ಎಂದು ಗೊತ್ತಾಯಿತು. ಗುರುಪತ್ನಿಯವರಿಗೆ ಆಗಲೇ ಎಂಬತ್ತೆಂಟು ವರುಷ. ಅವರ ಕಣ್ಣೆದುರಿಗೆ ಪುಸ್ತಕವು ಹೊರಬೀಳಬೇಕೆಂಬದೇ ಎಲ್ಲರ ಆತುರ.

ಆರು ತಿಂಗಳೊಳಗೆ ನಾಲ್ಕು ಕಡತಗಳು ಬಂದು ಸೇರಿದವು. ಒಂದು ನುಡಿಯ ಹಳೆಯ ಅಕ್ಷರಗಳಲ್ಲಿ, ಉಳಿದವು ಯೂನಿಕೋಡಿನಲ್ಲಿ ಇದ್ದವು. ಅವನ್ನು ಒಂದೇ ಬಗೆಗೆ ತರುವದರಲ್ಲಿಯೇ ಎರಡು ವಾರಗಳು ಕಳೆದವು. ತರುವಾಯ ಕಾಣಿಸಿದ ತೊಡಕು ಪುಟಸಂಖ್ಯೆಯದು. ಪ್ರತಿಯೊಬ್ಬರೂ ತಮ್ಮ ಕಡತವನ್ನು ಒಂದನೆಯ ಪುಟದಿಂದ ಆರಂಭಿಸಿದ್ದರಿಂದ ಒಂದೇ ಪುಸ್ತಕದಲ್ಲಿ ನಾಲ್ಕು ಒಂದನೆಯ ಪುಟಗಳು ಆದವು. ಶಿರಹಟ್ಟಿಯವರಂತೂ ಪ್ರತಿ ಪುಟದ ಕೊನೆಯ ಸಾಲಿನಲ್ಲಿ ಅಂಕಿಯನ್ನು ಕೈಯಿಂದಲೇ ಹೊಡೆದಿದ್ದರು. ಮೇಲೆ ಎರಡು ಸಾಲು ಸೇರಿಸಿದೊಡನೆ ಆ ಅಂಕಿಗಳು ಜಾರುತ್ತ ಜಾರುತ್ತ ಪುಟದ ನಡುವೆ, ಭೀಮನ ಮಾತಿನ ವಿವರಣೆಯ ಮಧ್ಯದಲ್ಲಿ, ನಿಷ್ಕಾರಣವಾಗಿ ಬಂದು ನಿಂತವು.

ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಕುಮಾರವ್ಯಾಸನ ಕೃತಿಯಲ್ಲಿಯೇ ಹತ್ತು ಪರ್ವಗಳೂ 152 ಸಂಧಿಗಳೂ ಉಂಟು. ಪರ್ವ ಬದಲಾದಂತೆ ಸಂಧಿಯ ಎಣಿಕೆಯು ಮತ್ತೆ ಒಂದರಿಂದ ಮೊದಲಾಗುವದು. ಸಂಧಿ ಬದಲಾದಂತೆ ಪದ್ಯದ ಎಣಿಕೆಯು ಮತ್ತೆ ಒಂದರಿಂದ ಮೊದಲಾಗುವದು. ಪ್ರತಿ ಸಂಧಿಯ ನೆತ್ತಿಯಲ್ಲಿ ಸೂಚನೆಯ ಪದ್ಯವೊಂದು ನಿಂತು, ಒಳಗೇನಿರುವದೆಂಬದನ್ನು ಮೊದಲೇ ತಿಳಿಸುವದು. ಎಣಿಕೆಯನ್ನು ಎಲ್ಲಿ ಮುಂದುವರಿಸಬೇಕು, ಎಲ್ಲಿ ಹೊಸದಾಗಿ ಆರಂಭಿಸಬೇಕು ಎಂಬ ವಿವೇಕವು ನಮ್ಮ ಕವಿಗಳಿಗೂ ಲಿಪಿಕಾರರಿಗೂ ಹಿಂದಿನಿಂದಲೇ ಇದ್ದಿತು. ಆ ವಿವೇಕವನ್ನು ಯಂತ್ರಕ್ಕೆ ಹೇಗೆ ತಿಳಿಸಬೇಕೆಂಬದೊಂದೇ ಮಾಸ್ತರರಿಗೆ ಗೊತ್ತಿರಲಿಲ್ಲ.

ಅವರಿಗೆ ಇದರಲ್ಲಿ ಗುರುವಾದವಳು ಕಾಲೇಜಿಗೆ ಹೋಗುವ ಮೊಮ್ಮಗಳು. ಅವಳು ಮೊದಲು ಮಾಡಿದ್ದು, ಪರದೆಯ ಮೇಲೆ ಅದೃಶ್ಯವಾದ ಗುರುತುಗಳನ್ನು ಕಾಣಿಸುವ ಗುಂಡಿಯನ್ನು ಒತ್ತಿದ್ದು. ಒತ್ತಿದೊಡನೆ ಪ್ಯಾರಾಗಳ ಕೊನೆಯಲ್ಲಿಯೂ ಪದಗಳ ನಡುವೆಯೂ ಚಿಕ್ಕ ಚಿಕ್ಕ ಚಿಹ್ನೆಗಳು ಮೂಡಿದವು. "ಅಜ್ಜಾ, ಒಂದು ಪರ್ವ ಮುಗಿದಲ್ಲಿ ಬರೇ ಹೊಸ ಪುಟಕ್ಕ ಹೋದರ ಸಾಲೂದಿಲ್ಲ. ಸೆಕ್ಷನ್ ಬ್ರೇಕ್ ಹಾಕಬೇಕು," ಎಂದು ಹೇಳಿ ಅವಳು ಪರ್ವಗಳ ನಡುವೆ ಒಂದೊಂದು ಛೇದವನ್ನು ಇರಿಸಿ ತೋರಿಸಿದಳು.

ಈ ವಿಭಾಗಚ್ಛೇದದಲ್ಲಿ ನಾಲ್ಕು ಬಗೆಗಳಿರುವವು. ಒಂದು ಮುಂದಿನ ಪುಟದಿಂದ ಹೊಸ ವಿಭಾಗವನ್ನು ತೊಡಗಿಸುವದು. ಇನ್ನೊಂದು ಅದೇ ಪುಟದಲ್ಲಿಯೇ ತೊಡಗಿಸುವದು. ಮೂರನೆಯದು ಸಮಸಂಖ್ಯೆಯ ಪುಟದಿಂದ, ನಾಲ್ಕನೆಯದು ವಿಷಮಸಂಖ್ಯೆಯ ಪುಟದಿಂದ ತೊಡಗಿಸುವದು. ಪುಸ್ತಕವನ್ನು ತೆರೆದಾಗ ಬಲಗಡೆಗೆ ಬರುವದು ವಿಷಮಸಂಖ್ಯೆಯ ಪುಟವಾದ್ದರಿಂದ, ಪ್ರತಿ ಪರ್ವವೂ ಬಲಬದಿಯಿಂದ ಆರಂಭವಾಗಬೇಕೆಂದರೆ ನಾಲ್ಕನೆಯ ಬಗೆಯೇ ಯೋಗ್ಯವಾದುದು. ಛೇದವನ್ನು ಇರಿಸಿದ ಮೇಲೆ ಪ್ರತಿ ವಿಭಾಗಕ್ಕೂ ಪುಟದ ಅಳತೆ, ಅಂಚು, ನೆತ್ತಿಯ ಬರಹ, ಸಂಖ್ಯೆಯ ರೂಪ ಇವೆಲ್ಲವೂ ಪ್ರತ್ಯೇಕವಾಗಬಲ್ಲವು. ಶಿಷ್ಯರ ಮುನ್ನುಡಿಯು ಹದಿನಾಲ್ಕು ಪುಟಗಳಿದ್ದಿತು. ಹಾಗೆಯೇ ಬಿಟ್ಟರೆ ಗುರುಗಳ ಮೊದಲನೆಯ ಮಾತು ಹದಿನೈದನೆಯ ಪುಟದಲ್ಲಿ ಬರುತ್ತಿದ್ದಿತು. ಮುನ್ನುಡಿಗೆ ರೋಮನ್ ಅಂಕಿಗಳನ್ನು ಕೊಟ್ಟು, ವಿರಾಟಪರ್ವದ ವಿಭಾಗಕ್ಕೆ 'ಒಂದರಿಂದ ಆರಂಭಿಸು' ಎಂದು ವಿಧಿಸಿದ್ದರಿಂದ ಆ ಅವಿನಯವು ತಪ್ಪಿತು.

ಹೀಗಿರಲು ಒಂದು ದಿನ ಉದ್ಯೋಗಪರ್ವದ ಕೊನೆಯಲ್ಲಿ ಬರಿದಾದ ಪುಟವೊಂದು ಮಾಸ್ತರರ ಕಣ್ಣಿಗೆ ಬಿದ್ದಿತು. ಅದು ವ್ಯರ್ಥವೆಂದು ತಿಳಿದು ಅವರು ಅಳಿಸುವ ಗುಂಡಿಯನ್ನು ಒತ್ತಿದರು. ಬರಿದಾದ ಪುಟದ ಜೊತೆಗೆ ಅಲ್ಲಿದ್ದ ಛೇದವೂ ಅಳಿಯಿತು. ಕೂಡಲೆ ಉದ್ಯೋಗಪರ್ವದ ಎಲ್ಲ ಬಲಪುಟಗಳ ನೆತ್ತಿಯ ಮೇಲೂ 'ಭೀಷ್ಮಪರ್ವ' ಎಂಬ ಹೆಸರು ಬಂದು ನಿಂತಿತು. ಶ್ರೀಕೃಷ್ಣನು ಇನ್ನೂ ಸಂಧಾನಕ್ಕೆ ಹೊರಟಿಲ್ಲ. ಅಷ್ಟರಲ್ಲಿಯೇ ಭೀಷ್ಮರು ಸೇನಾಪತಿಗಳಾದರು! ಮೊಮ್ಮಗಳು ಓಡಿ ಬಂದು ಕಂಟ್ರೋಲ್-ಝಡ್ ಒತ್ತಿ ಎಲ್ಲವನ್ನೂ ಮೊದಲಿನಂತೆ ಮಾಡಿದಳು.

ಹೀಗೇಕಾಯಿತೆಂದು ವಿಚಾರಿಸಲಾಗಿ ಒಂದು ಸೂಕ್ಷ್ಮವು ತಿಳಿದುಬಂದಿತು. ವಿಭಾಗದ ಲಕ್ಷಣಗಳೆಲ್ಲವೂ ಅದರ ಆರಂಭದಲ್ಲಿ ಅಡಗಿರುವವೆಂದು ಜನರು ಭಾವಿಸುವರು. ಆದರೆ ವರ್ಡ್ ಎಂಬ ಬರಹದ ತಂತ್ರಾಂಶದಲ್ಲಿ ಅವು ವಿಭಾಗದ ಕೊನೆಯ ಛೇದದಲ್ಲಿ ಇರುವವು. ಕಟ್ಟಕಡೆಯ ವಿಭಾಗದವು ಕಡತದ ಕೊನೆಯ ಪ್ಯಾರಾದ ಗುರುತಿನಲ್ಲಿ ಇರುವವು. ಛೇದವನ್ನು ಅಳಿಸಿದರೆ ಹಿಂದಿನ ವಿಭಾಗವು ತನ್ನ ಲಕ್ಷಣವನ್ನು ಕಳೆದುಕೊಂಡು ಮುಂದಿನದರಲ್ಲಿ ಲೀನವಾಗುವದು. ಪಾಠಶಾಲೆಯಲ್ಲಿ ಓದಿದ ಮಾಸ್ತರರಿಗೆ ಇದು ಅಪರಿಚಿತವೆನಿಸಲಿಲ್ಲ. ಸಂಸ್ಕೃತದ ಗ್ರಂಥಗಳಲ್ಲಿ ಅಧ್ಯಾಯವು ಯಾವ ಗ್ರಂಥದ್ದು, ಯಾರು ರಚಿಸಿದ್ದು, ಎಷ್ಟನೆಯದು ಎಂಬದನ್ನು ಹೇಳುವದು ಕೊನೆಯ ಪುಷ್ಪಿಕಾವಾಕ್ಯವೇ. ಪುಷ್ಪಿಕೆಯಿರುವ ಗರಿಯು ಹುಳುವಿಗೆ ಆಹಾರವಾದರೆ ಕರ್ತೃವಿನ ಹೆಸರೂ ಅದರ ಜೊತೆಗೇ ಹೋಗುವದು. ಎಷ್ಟೋ ಕೃತಿಗಳು ಅನಾಮಧೇಯವಾದದ್ದು ಈ ಕಾರಣದಿಂದಲೇ.

ಇಷ್ಟಾದ ಮೇಲೆ ಮಾಸ್ತರರಿಗೆ ಧೈರ್ಯ ಬಂದಿತು. ಪುಸ್ತಕದ ಎಡಪುಟಗಳ ನೆತ್ತಿಯ ಮೇಲೆ ಗುರುಗಳ ಹೆಸರು, ಬಲಪುಟಗಳ ನೆತ್ತಿಯ ಮೇಲೆ ಪರ್ವದ ಹೆಸರು ಇರಬೇಕೆಂದು ಅವರು ಗೊತ್ತುಮಾಡಿದರು. ಬಲಪುಟಗಳ ಕೆಲಸವನ್ನು ಮೊಮ್ಮಗಳೇ ಕಲಿಸಿಕೊಟ್ಟಳು. ನೆತ್ತಿಯ ಜಾಗದಲ್ಲಿ ಎರಡು ಸಲ ಒತ್ತಿದರೆ ಅದು ತೆರೆಯುವದು. ಅದರ ಮಗ್ಗುಲಲ್ಲಿ 'ಹಿಂದಿನಂತೆಯೇ' ಎಂಬರ್ಥದ ಇಂಗ್ಲಿಷ್ ಬರಹವೊಂದು ಕಾಣುವದು. ಆ ಬರಹವು ಇರುವವರೆಗೆ ಈ ವಿಭಾಗದ ನೆತ್ತಿಗೂ ಹಿಂದಿನ ವಿಭಾಗದ ನೆತ್ತಿಗೂ ಸಂಬಂಧವು ಹರಿದಿಲ್ಲವೆಂದು ತಿಳಿಯಬೇಕು. 'ಲಿಂಕ್ ಟು ಪ್ರೀವಿಯಸ್' ಎಂಬ ಗುಂಡಿಯನ್ನು ಒತ್ತಿ ಆ ಸಂಬಂಧವನ್ನು ಕಡಿದ ಮೇಲೆಯೇ ಹೊಸ ಹೆಸರನ್ನು ಬರೆಯತಕ್ಕದ್ದು.

"ಇದು ಅನುವೃತ್ತಿ!" ಎಂದು ಮಾಸ್ತರರು ಕುರ್ಚಿಯಿಂದ ಎದ್ದೇಬಿಟ್ಟರು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಒಂದು ಸೂತ್ರದ ಪದವು ಮುಂದಿನ ಸೂತ್ರಗಳಿಗೆ ತಾನಾಗಿಯೇ ಹರಿದು ಬರುವದು. ನಿವೃತ್ತಿಯಾಗುವವರೆಗೆ ಅದನ್ನು ಪುನಃ ಹೇಳುವ ಕಾರಣವಿಲ್ಲ. ಪ್ರತ್ಯಯದ ಅಧಿಕಾರವು ಮೂರನೆಯ ಅಧ್ಯಾಯದ ಮೊದಲಿಗೆ ಆರಂಭವಾಗಿ ಐದನೆಯ ಅಧ್ಯಾಯದ ಕೊನೆಯವರೆಗೆ ನಡೆಯುವದು. ಐವತ್ತು ವರುಷಗಳ ಹಿಂದೆ ಗುರುಗಳ ಪಡಸಾಲೆಯಲ್ಲಿ ಕಲಿತ ಮಾತು ಗಾಜಿನ ಪರದೆಯ ಮೇಲೆ ಪ್ರತ್ಯಕ್ಷವಾದದ್ದನ್ನು ಕಂಡು ಅವರಿಗೆ ಬಹಳ ಸಂತೋಷವಾಯಿತು. ಮೊಮ್ಮಗಳಿಗೆ ಅದರ ಅರ್ಥ ಆಗಲಿಲ್ಲವಾದರೂ ಅಜ್ಜನ ಸಂತೋಷವು ಅರ್ಥವಾಯಿತು.

ಪುಸ್ತಕದ ಕೊನೆಗೆ ಒಂದು ಅನುಬಂಧವಿದ್ದಿತು. ಅದು ಗುರುಗಳ ಜೀವನವೃತ್ತಾಂತ, ಬರೆದವರು ಮಾಸ್ತರರು. ಒಂದು ರಾತ್ರಿ ಒಬ್ಬರೇ ಕುಳಿತು ನೋಡುವಾಗ ಆ ಅನುಬಂಧದ ಎಡಪುಟಗಳ ಮೇಲೂ ಗುರುಗಳ ಹೆಸರೇ ಇರುವದು ಅವರ ಕಣ್ಣಿಗೆ ಬಿದ್ದಿತು. ತಮ್ಮ ಒರಟು ಗದ್ಯವು ಗುರುಗಳ ಹೆಸರಿನಲ್ಲಿ ಹೋಗುವದು ಅವರಿಗೆ ಸಹಿಸಲಿಲ್ಲ. ನೆತ್ತಿಯ ಜಾಗವನ್ನು ತೆರೆದು, ಗುರುಗಳ ಹೆಸರನ್ನು ಅಳಿಸಿ, ತಮ್ಮ ಹೆಸರನ್ನು ಬರೆದರು. ಸಂಬಂಧವನ್ನು ಮೊದಲೇ ಕಡಿದಾಗಿದೆಯೆಂಬದು ಅವರ ನಂಬಿಕೆ. ಬಲಪುಟಗಳ ಮಟ್ಟಿಗೆ ಆ ನಂಬಿಕೆಯು ನಿಜವೂ ಆಗಿದ್ದಿತು. ಆದರೆ ಎಡಪುಟಗಳ ನೆತ್ತಿಯೇ ಬೇರೆ, ಬಲಪುಟಗಳ ನೆತ್ತಿಯೇ ಬೇರೆ. ಒಂದರ ಸಂಬಂಧವನ್ನು ಕಡಿದರೆ ಇನ್ನೊಂದರದು ಕಡಿಯುವದಿಲ್ಲ. ಮೇಲಾಗಿ, ಪಾಣಿನಿಯ ಅನುವೃತ್ತಿಯು ಮೇಲಿಂದ ಕೆಳಕ್ಕೆ ಹರಿಯುವ ನೀರಿನಂತೆ ಇರುವದು. ಇಲ್ಲಿಯದು ಒಂದೇ ಹಗ್ಗದಂತೆ. ಕೆಳಗಿನ ತುದಿಯನ್ನು ಎಳೆದರೆ ಮೇಲಿನ ತುದಿಯೂ ಅಲುಗುವದು. ಅನುಬಂಧದಲ್ಲಿ ಬರೆದ ಹೆಸರು ದ್ರೋಣ, ಭೀಷ್ಮ, ಉದ್ಯೋಗ, ವಿರಾಟಗಳನ್ನು ಏರಿ ಮುನ್ನುಡಿಯವರೆಗೆ ಹೋಯಿತು. ಮರುದಿನ ಮಾಸ್ತರರು ಪರ್ವಗಳ ಹೆಸರನ್ನು ತಾಳೆನೋಡುವ ಅಭ್ಯಾಸದಿಂದ ಬಲಪುಟಗಳನ್ನು ಮಾತ್ರ ನೋಡಿದರು. ಎಲ್ಲವೂ ಸರಿಯಾಗಿದ್ದವು. ಕರಡು ಪ್ರತಿಯನ್ನು ತೆಗೆಯಿಸಿ, ಹೊದಿಕೆ ಹಾಕಿಸಿ, ಲಕ್ಷ್ಮೇಶ್ವರದ ಬಸ್ಸನ್ನು ಹತ್ತಿದರು.

ಗುರುಪತ್ನಿಯವರು ಪಡಸಾಲೆಯಲ್ಲಿಯೇ ಇದ್ದರು. ಅವರ ಕಣ್ಣಿಗೆ ಸಣ್ಣ ಅಕ್ಷರಗಳು ಕಾಣವು. ನೆತ್ತಿಯ ಮೇಲಿನ ದಪ್ಪ ಅಕ್ಷರಗಳು ಮಾತ್ರ ಭೂತಗನ್ನಡಿಯಿಂದ ಕಾಣುವವು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ನಡುವೆ ತೆರೆದು, ಎಡಗಡೆಯ ಪುಟಕ್ಕೆ ಭೂತಗನ್ನಡಿಯನ್ನು ಹಿಡಿದರು. ಬಹಳ ಹೊತ್ತು ಸುಮ್ಮನಿದ್ದರು. ಎರಡು ಹಾಳೆ ಮಗುಚಿ ಮತ್ತೆ ನೋಡಿದರು.

"ಇದು ನಿನ್ನ ಹೆಸರಲ್ಲೇನಪಾ?"

ಮಾಸ್ತರರು ಬಗ್ಗಿ ನೋಡಿದರು. ಬಾಯಿಂದ ಮಾತು ಹೊರಡಲಿಲ್ಲ.

"ಇರಲಿ ಬಿಡು. ನೀನೂ ಭಾಳ ದುಡದೀ. ಅವರಿದ್ದರೂ ಏನೂ ಅಂತಿರಲಿಲ್ಲ," ಎಂದು ಹೇಳಿ ಅವರು ಪುಸ್ತಕವನ್ನು ಮುಚ್ಚಿ ಕೈಗೆ ಕೊಟ್ಟರು.

ಬೈದಿದ್ದರೆ ಮಾಸ್ತರರಿಗೆ ಅಷ್ಟು ನೋವಾಗುತ್ತಿರಲಿಲ್ಲ. ಯಂತ್ರದ ದೋಷವೆಂದು ಹೇಳಿದರೂ ಆ ಮಾತು ಅವರ ಕಿವಿಗೇ ನೆಪದಂತೆ ಕೇಳಿಸಿತು. ಬಸ್ಸಿನಲ್ಲಿ ಮರಳಿ ಬರುವಾಗ ಅವರು ಒಂದೊಂದಾಗಿ ಎಡಪುಟಗಳನ್ನು ಮಗುಚಿ ನೋಡಿದರು. ಎಲ್ಲ ಕಡೆಗೂ ಅವರದೇ ಹೆಸರು. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಪರರ ಶಬ್ದವನ್ನೂ ಅರ್ಥವನ್ನೂ ಹರಣಮಾಡುವ ಬಗೆಗಳನ್ನು ವಿಸ್ತಾರವಾಗಿ ವಿಂಗಡಿಸಿರುವನು. ಒಂದು ಶಬ್ದವನ್ನೂ ಕದಿಯದೆ, ಕದಿಯುವ ಇಚ್ಛೆಯೂ ಇಲ್ಲದೆ, ಇಡಿಯ ಗ್ರಂಥವನ್ನೇ ತನ್ನ ಹೆಸರಿಗೆ ಮಾಡಿಕೊಳ್ಳುವ ಬಗೆಯು ಅವನ ಎಣಿಕೆಗೂ ಬಂದಿರಲಿಕ್ಕಿಲ್ಲ.

ಗದುಗು ಹಿಂದಿನಿಂದಲೂ ಅಚ್ಚುಕೂಟಗಳಿಗೆ ಹೆಸರಾದ ಊರು. ಸಂಕೇಶ್ವರ ಅವರ ಶಾಲಾಪುಸ್ತಕಗಳೂ, ಶಾಬಾದಿಮಠ ಅವರ ನಾಟಕದ ಪುಸ್ತಕಗಳೂ ಇಲ್ಲಿಂದಲೇ ಊರೂರಿಗೆ ಹೋದಂಥವು. ಮೊಳೆಗಳನ್ನು ಜೋಡಿಸುವ ಕಾಲದಲ್ಲಿ ಪ್ರತಿ ಪುಟದ ನೆತ್ತಿಯ ಸಾಲನ್ನೂ ಕೈಯಿಂದಲೇ ಕೂಡಿಸಬೇಕಾಗುತ್ತಿದ್ದಿತು. ತಪ್ಪಿದರೆ ಆ ಒಂದು ಪುಟವು ತಪ್ಪುತ್ತಿದ್ದಿತು. ಗಣಕಯಂತ್ರವು ಆ ಶ್ರಮವನ್ನು ಉಳಿಸಿದೆ, ಸುಳ್ಳಲ್ಲ. ಆದರೆ ಒಂದೇ ಕಡೆಗೆ ಬರೆದದ್ದನ್ನು ನಾಲ್ಕುನೂರು ಪುಟಗಳಿಗೆ ಹಂಚುವಾಗ ಅದು ಸರಿ-ತಪ್ಪುಗಳಲ್ಲಿ ಭೇದವೆಣಿಸುವದಿಲ್ಲ. ಆದುದರಿಂದ ಕೈಯ ಶ್ರಮವು ಕಡಿಮೆಯಾದಷ್ಟೂ ಕಣ್ಣಿನ ಶ್ರಮವನ್ನು ಹೆಚ್ಚಿಸತಕ್ಕದ್ದು.

ಮಾಸ್ತರರು ಆ ರಾತ್ರಿ ಊಟಕ್ಕೂ ಏಳದೆ ಕುಳಿತರು. ಮೊದಲು ಅದೃಶ್ಯವಾದ ಗುರುತುಗಳನ್ನೆಲ್ಲ ಕಾಣುವಂತೆ ಮಾಡಿದರು. ಕೊನೆಯ ವಿಭಾಗದಿಂದ ಹಿಡಿದು ಮೇಲಕ್ಕೆ, ಪ್ರತಿ ವಿಭಾಗದ ಎಡನೆತ್ತಿಯ ಸಂಬಂಧವನ್ನೊಮ್ಮೆ, ಬಲನೆತ್ತಿಯದನ್ನೊಮ್ಮೆ, ಪುಟದ ಅಡಿಯ ಬರಹದ್ದನ್ನೊಮ್ಮೆ ಬೇರೆ ಬೇರೆಯಾಗಿ ಕಡಿದರು. ಎಲ್ಲ ಸಂಬಂಧಗಳೂ ಹರಿದವೆಂಬದು ಖಚಿತವಾದ ಮೇಲೆಯೇ ನಾಲ್ಕು ಪರ್ವಗಳಲ್ಲಿಯೂ ಗುರುಗಳ ಹೆಸರನ್ನು ನಾಲ್ಕು ಸಲ ಬರೆದರು. ಒಂದು ಸಲ ಬರೆದರೆ ಸಾಕಾಗುವ ಉಪಾಯವೂ ಇದ್ದಿತು. ಆದರೆ ಅವರಿಗೆ ಅದು ಬೇಡವೆನಿಸಿತು. ಮುನ್ನುಡಿಯ ಮೇಲೆ 'ಶಿಷ್ಯರು' ಎಂದಷ್ಟೇ ಬರೆದರು. ಅನುಬಂಧದ ಮೇಲೆ ತಮ್ಮ ಹೆಸರನ್ನು ಉಳಿಸಿದರು, ಯಾಕಂದರೆ ಅದರೊಳಗಿನ ತಪ್ಪುಗಳಿಗೆ ಹೊಣೆಗಾರರು ಬೇಕಲ್ಲ. ಮರುದಿನ ಇಡಿಯ ಪುಸ್ತಕವನ್ನು ಕಾಗದದ ಮೇಲೆ ತೆಗೆಯಿಸಿ, ಎಡ-ಬಲ ಬಿಡದೆ, ಹಾಳೆ ಹಾಳೆಯಾಗಿ ಮಗುಚಿದರು. ಪರದೆಯ ಮೇಲೆ ಕಾಣದ ಬರಿದಾದ ಪುಟಗಳು ಕಾಗದದ ಮೇಲೆ ಕಾಣುವವೆಂಬದೂ ಆಗಲೇ ತಿಳಿಯಿತು. ವಿಷಮಪುಟದಿಂದ ಆರಂಭಿಸೆಂದು ವಿಧಿಸಿದಲ್ಲಿ ಯಂತ್ರವು ಅವಶ್ಯವಿದ್ದಾಗ ತಾನೇ ಒಂದು ಬರಿಪುಟವನ್ನು ಇಡುವದು. ಅವರು ಮೊದಲು ಅಳಿಸಹೋದ ಬರಿಪುಟವು ಆ ಜಾತಿಯದಲ್ಲ, ಯಾರೋ ಗುಂಡಿಯೊತ್ತಿ ಉಳಿಸಿದ್ದು ಎಂಬದೂ ಗೊತ್ತಾಯಿತು. ಛೇದಕ್ಕೆ ಕೈ ಹಚ್ಚದೆ, ಅದರ ಮೇಲಿನ ಖಾಲಿ ಸಾಲುಗಳನ್ನು ಮಾತ್ರ ತೆಗೆದುಹಾಕಿದರು.

ಗುರುಗಳು ವಹಿಗಳಲ್ಲಿ ಅಲ್ಲಲ್ಲಿ 'ಹಿಂದೆ 47ನೆಯ ಪುಟವನ್ನು ನೋಡುವದು' ಎಂಬಂತೆ ಬರೆದಿದ್ದರು. ಆ ಸಂಖ್ಯೆಗಳು ವಹಿಯ ಪುಟಗಳವು; ಅಚ್ಚಿನ ಪುಸ್ತಕಕ್ಕೆ ಹೊಂದುವಂಥವಲ್ಲ. ಅವನ್ನು ತಿದ್ದಲಿಕ್ಕೆ ಮಾಸ್ತರರ ಕೈ ಏಳಲಿಲ್ಲ. ಬದಲಾಗಿ ಪುಟದ ಅಂಚಿನಲ್ಲಿ, ಹಳೆಯ ಪೋಥಿಗಳಲ್ಲಿ ಇರುವಂತೆ, ವಹಿಯ ಪುಟಸಂಖ್ಯೆಯನ್ನೂ ಚಿಕ್ಕ ಅಕ್ಷರಗಳಲ್ಲಿ ಇರಿಸಿದರು. ನೆತ್ತಿಯ ಸಂಖ್ಯೆಯು ಅಚ್ಚಿನದು, ಅಂಚಿನ ಸಂಖ್ಯೆಯು ಗುರುಗಳದು. ಮೂಲ ಪದ್ಯಗಳಿಗಾದರೋ ಪರ್ವ, ಸಂಧಿ, ಪದ್ಯಗಳ ಸಂಖ್ಯೆಯನ್ನೇ ಕೊಟ್ಟರು. ಪುಟದ ಸಂಖ್ಯೆಯು ಮುದ್ರಣದಿಂದ ಮುದ್ರಣಕ್ಕೆ ಬದಲಾಗುವದು; ಕುವೆಂಪು-ಮಾಸ್ತಿಯವರು ಸಂಪಾದಿಸಿದ 1958ರ ಮುದ್ರಣದಲ್ಲಿ ಒಂದು, ಬೇರೆ ಮುದ್ರಣದಲ್ಲಿ ಇನ್ನೊಂದು. ಸಂಧಿ-ಪದ್ಯಗಳ ಎಣಿಕೆಗೆ ಕಾಗದದ ಅಳತೆಯ ಹಂಗಿಲ್ಲ.

ಈಗ ಶಿರಹಟ್ಟಿಯಿಂದಲೂ ಮುಂಡರಗಿಯಿಂದಲೂ ಪುಸ್ತಕ ಮಾಡುವವರು ಮಾಸ್ತರರನ್ನು ಕೇಳಿಕೊಂಡು ಬರುವದುಂಟು. ಅವರು ಮೂರೇ ಮಾತು ಹೇಳುವರು: ಮೊದಲು ಛೇದ, ತರುವಾಯ ಸಂಬಂಧದ ನಿವೃತ್ತಿ, ಆ ಮೇಲೆ ಬರಹ, ಈ ಕ್ರಮವನ್ನು ತಪ್ಪಿಸಬೇಡಿರಿ. ಬರಿದಾಗಿ ಕಂಡದ್ದನ್ನು ಅಳಿಸುವ ಮೊದಲು ಅಲ್ಲಿ ಏನು ಅಡಗಿದೆಯೆಂಬದನ್ನು ನೋಡಿರಿ. ಬಲಪುಟವು ಸರಿಯಿದ್ದರೆ ಎಡಪುಟವೂ ಸರಿಯೆಂದು ನಂಬಬೇಡಿರಿ.

ಅಚ್ಚಾದ ಪುಸ್ತಕವನ್ನು ತೆಗೆದುಕೊಂಡು ನಾಲ್ವರೂ ಲಕ್ಷ್ಮೇಶ್ವರಕ್ಕೆ ಹೋದ ದಿನ ಗುರುಪತ್ನಿಯವರು ಮತ್ತೆ ಭೂತಗನ್ನಡಿಯನ್ನು ತರಿಸಿಕೊಂಡರು. ಈ ಸಲ ಮೊದಲಿನಿಂದ ತೆರೆದರು. ಮುನ್ನುಡಿ ಮುಗಿದು ವಿರಾಟಪರ್ವವು ಆರಂಭವಾಗುವಲ್ಲಿ 'ಒಂದು' ಎಂಬ ಅಂಕಿಯ ಮೇಲೆ ಬೆರಳನ್ನಿಟ್ಟರು. ಅಲ್ಲಿಂದ ಹಾಳೆ ಮಗುಚುತ್ತ, ಎಡಪುಟ ಬಂದಾಗಲೆಲ್ಲ ನೆತ್ತಿಯ ಹೆಸರನ್ನು ಸಣ್ಣ ದನಿಯಲ್ಲಿ ಓದುತ್ತ ಹೋದರು. ಗಂಡನ ಹೆಸರನ್ನು ಬಾಯಿಂದ ಹೇಳದ ಕಾಲದವರು ಅವರು. ಆ ಹೊತ್ತು ಎಷ್ಟು ಸಲ ಹೇಳಿದರೋ ಯಾರೂ ಎಣಿಸಲಿಲ್ಲ. ಕೊನೆಗೆ ದ್ರೋಣಪರ್ವವು ಮುಗಿದು ಅನುಬಂಧವು ಬಂದಿತು. ಅಲ್ಲಿ ಒಂದು ಕ್ಷಣ ನಿಂತು, ಮಾಸ್ತರರ ಕಡೆಗೆ ಮುಖ ತಿರುಗಿಸಿದರು.

"ಇಲ್ಲೀತನಕಾ ಅವರದು. ಇಲ್ಲಿಂದ ನಿಂದು. ಹೌದಲ್ಲೋ?"

"ಹೌದಮ್ಮಾ," ಎಂದರು ಮಾಸ್ತರರು.